ಕಂಬ ನಾಲ್ಕುನೂರ ಹದಿನೇಳರ ಹಲಸು

ಕಂಬ ನಾಲ್ಕುನೂರ ಹದಿನೇಳು ಕೆಂಪಾದಾಗ ನಾನು ತಣ್ಣಗಾದ ಉಪ್ಪಿಟ್ಟು ತಿನ್ನುತ್ತಿದ್ದೆ. ಬೆಳಿಗ್ಗೆ ಒಂಬತ್ತೂ ಮುಕ್ಕಾಲು. ನಮ್ಮ ತಪಾಸಣಾ ಕೇಂದ್ರದ ಗೋಡೆಯಗಲದ ಪರದೆಯ ಮೇಲೆ ಕೆಂಚನಪಾಳ್ಯ ಪಟ್ಟಣದ ಆರುನೂರ ಹನ್ನೆರಡು ಕಂಬಗಳೂ ಹಸಿರು ಚುಕ್ಕಿಗಳಾಗಿ ಕೂತಿದ್ದವು, ಒಂದನ್ನು ಬಿಟ್ಟು. ಅದು ಎಲ್ಲಿದೆ ಎಂದು ನಕ್ಷೆಯಲ್ಲಿ ಹುಡುಕುವ ಅಗತ್ಯ ನನಗಿರಲಿಲ್ಲ. ಆ ಕಂಬ ನಮ್ಮ ಮನೆಯ ಹಿತ್ತಿಲಗೋಡೆಗೆ ಅಂಟಿಕೊಂಡೇ ಇದೆ. ಅದಕ್ಕೆ ಹಗ್ಗ ಕಟ್ಟಿ ನಮ್ಮತ್ತೆ ಚಿಕ್ಕಕೆಂಪಮ್ಮ ಸೀರೆ ಒಣಹಾಕುತ್ತಾರೆ.

ಚುಕ್ಕಿಯ ಮೇಲೆ ಬೆರಳಿಟ್ಟೆ. ಪರದೆ ಹೇಳಿತು: "ಹಲಸು. ಮಾಗಿದ ಹಣ್ಣು. ನೋಂದಾಯಿತ ತಳಿಯಲ್ಲ." ಚಮಚ ಕೆಳಗಿಟ್ಟೆ.

ಪ್ರತಿ ಕಂಬದ ಮೇಲೂ ಗಾಳಿಯ ವಾಸನೆ ಹಿಡಿಯುವ ಒಂದು ಡಬ್ಬಿಯಿದೆ, ತೋಟಗಾರಿಕೆ ಇಲಾಖೆಯ ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರಿದೆ. ಊರವರು ಮೊದಲ ದಿನದಿಂದಲೂ ಅದನ್ನು ಮೂಗು ಎಂದೇ ಕರೆದರು, ಈಗ ನಾವೂ ಹಾಗೇ ಕರೆಯುತ್ತೇವೆ. ಒಳಗೆ ಉಗುರಿಗಿಂತ ಚಿಕ್ಕ ಅರವತ್ತನಾಲ್ಕು ಬಿಲ್ಲೆಗಳಿವೆ. ಹಣ್ಣು ಮಾಗುವಾಗ ಮೊದಲು ಎಥಿಲೀನ್ ಅನಿಲ ಬಿಡುತ್ತದೆ, ಆಮೇಲೆ ಎಸ್ಟರ್ ಎನ್ನುವ ಪರಿಮಳದ ಸಂಯುಕ್ತಗಳನ್ನು. ಅವು ಗಾಳಿಯಲ್ಲಿ ಬಂದು ಬಿಲ್ಲೆಗಳಿಗೆ ತಾಗಿದಾಗ ಅವುಗಳಲ್ಲಿ ಹರಿಯುವ ವಿದ್ಯುತ್ತು ಸ್ವಲ್ಪ ಏರುಪೇರಾಗುತ್ತದೆ. ಯಾವ ಸಂಯುಕ್ತ ಎಷ್ಟು ಎಂಬ ಲೆಕ್ಕ ಸಿಕ್ಕಿದರೆ ಅದು ಯಾವ ಮರದ ಹಣ್ಣು ಎಂದು ಹೇಳಿಬಿಡಬಹುದು. ಒಂದೇ ತಾಯಿಮರದಿಂದ ಕಸಿ ಮಾಡಿದ ಸಾವಿರ ಮರಗಳಿಗೂ ಲೆಕ್ಕ ಒಂದೇ. ಬೀಜದಿಂದ ಹುಟ್ಟಿದ ಹಲಸು ಹಾಗಲ್ಲ. ಅದರ ತಾಯಿ ಗೊತ್ತು, ಪರಾಗ ಯಾವ ಮರದ್ದೋ ಗೊತ್ತಿಲ್ಲ. ಒಂದೇ ಹಣ್ಣಿನ ನೂರು ಬೀಜ ನೆಟ್ಟರೆ ನೂರು ಬಗೆಯ ಮರ ಏಳುತ್ತದೆ, ನೂರಕ್ಕೂ ಬೇರೆ ಬೇರೆ ಘಮ. ಅಂಥದ್ದು ಕಂಡ ಕೂಡಲೇ ಮೂಗು ಕೆಂಪಾಗುತ್ತದೆ. ಮರುದಿನ ಗರಗಸ ಬರುತ್ತದೆ.

ಈ ಮೂಗುಗಳಿಗೆ ವಾಸನೆ ಕಲಿಸಿದವಳು ನಾನೇ, ಸರ್ವಮಂಗಳ, ಕೇಂದ್ರದ ಹಿರಿಯ ತಂತ್ರಜ್ಞೆ. ಕಲಿಸಿದಾಗ ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ. ಹನ್ನೊಂದು ವರ್ಷದ ಹಿಂದೆ ಕಂದುಕೊಳೆ ಎಂಬ ಶಿಲೀಂಧ್ರ ರೋಗ ಬಂದು ಮೂರು ಜಿಲ್ಲೆಯ ಹಲಸನ್ನು ನುಂಗಿತ್ತು. ರೋಗ ತಗಲದ ಮೂರು ಕಸಿ ತಳಿಗಳನ್ನು ಬಿಟ್ಟು ಬೇರೆ ಯಾವುದೂ ಇರಕೂಡದು ಎಂದು ಕಾನೂನು ಬಂತು. ಆ ಮೂರಕ್ಕೆ ಸಿಹಿ-ಒಂದು, ಸಿಹಿ-ಎರಡು, ಸಿಹಿ-ಮೂರು ಎಂದು ಹೆಸರು. ಅಂಟಿಲ್ಲ, ನಾರಿಲ್ಲ, ಬೀಜವೂ ಇಲ್ಲ. ತಿಂದರೆ ಸಕ್ಕರೆ ನೀರು ಕುಡಿದ ಹಾಗೆ. ರೋಗ ಮೂರೇ ವರ್ಷಕ್ಕೆ ಹೋಯಿತು. ಕಾನೂನು ಹೋಗಲಿಲ್ಲ. ಕೇಂದ್ರ, ಪರದೆ, ಗರಗಸದ ತಂಡ, ನನ್ನ ಕುರ್ಚಿ, ಯಾವುದೂ ಹೋಗಲಿಲ್ಲ.

ಊರವರು ತಮ್ಮದೇ ದಾರಿ ಕಂಡುಕೊಂಡರು. ಎಲೆ ನೋಡಿ ಕಸಿ ಮರ ಯಾವುದು, ಬೀಜದ ಮರ ಯಾವುದು ಎಂದು ಹೇಳಲು ಆಗುವುದಿಲ್ಲ. ಎಳೆಗಾಯಿಗೆ ವಾಸನೆಯೂ ಇರುವುದಿಲ್ಲ. ಆದ್ದರಿಂದ ಹಿತ್ತಿಲಲ್ಲಿ ಕದ್ದು ಉಳಿಸಿಕೊಂಡ ಮರದ ಕಾಯನ್ನೆಲ್ಲ ಮಾಗುವ ಮೊದಲೇ ಕಿತ್ತು ಪಲ್ಯ ಮಾಡಿ ಮುಗಿಸುತ್ತಿದ್ದರು. ಫೆಬ್ರವರಿಯಿಂದ ಜೂನ್‌ವರೆಗೆ ಕೆಂಚನಪಾಳ್ಯದ ಯಾವ ಮನೆಗೆ ಹೋದರೂ ಹಲಸಿನಕಾಯಿ ಪಲ್ಯ. ಮರ ಉಳಿಯಿತು, ಹಣ್ಣು ಹೋಯಿತು. ಬಲಿತ ಬೀಜ ಇಲ್ಲವಾದ್ದರಿಂದ ಹೊಸ ಸಸಿಯೂ ಇಲ್ಲ. ಒಬ್ಬೊಬ್ಬರೂ ತಮ್ಮ ಮರ ಉಳಿಸಿಕೊಂಡೆವೆಂದು ಒಳಗೊಳಗೇ ಬೀಗುತ್ತಿದ್ದರು. ನಮ್ಮ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಮರುಳಯ್ಯನವರಂತೂ, ಎಲ್ಲಿ ಒಂದು ಕಾಯಿ ಕಣ್ಣು ತಪ್ಪಿಸಿ ಮಾಗಿಬಿಟ್ಟೀತೋ ಎಂದು ದಿನಕ್ಕೆರಡು ಹೊತ್ತು ಹಿತ್ತಿಲಿಗೆ ಸಾಂಬ್ರಾಣಿ ಹೊಗೆ ಹಾಕುತ್ತಿದ್ದರು. ಸಾಂಬ್ರಾಣಿಯಿಂದ ಮೂಗು ಮೋಸಹೋಗುವುದಿಲ್ಲ ಎಂದು ನಾನು ಅವರಿಗೆ ಹೇಳಲಿಲ್ಲ. ಹೇಳಿದರೆ ಅವರು ಮರವನ್ನೇ ಕಡಿಸಿಬಿಡುತ್ತಿದ್ದರು, ಅಷ್ಟು ಪುಕ್ಕಲು.

ಅತ್ತೆಯ ಮರ ಅವರ ತವರಿನ ಮರದ ಕೊನೆಯ ಹಣ್ಣಿನದು. ಅಲ್ಲಿಯ ಮರ ಕಡಿದ ದಿನ ಅವರು ಒಂದು ಬೀಜವನ್ನು ಎಲೆಯಡಿಕೆ ಚೀಲದಲ್ಲಿ ಹಾಕಿಕೊಂಡು ಬಂದು, ಪಾತ್ರೆ ತೊಳೆದ ನೀರು ಬೀಳುವ ಕಡೆ ಊರಿದ್ದರು. ಫಲ ಬಿಡಲು ಶುರುವಾಗಿ ನಾಲ್ಕು ವರ್ಷ. ಪ್ರತಿ ವರ್ಷವೂ ಕಾಯಿ ಕಿತ್ತಿದ್ದೇವೆ. ಈ ವರ್ಷ ಒಂದು ಕಾಯಿಗೆ ಗೋಣಿಚೀಲ ಸುತ್ತಿದ್ದು ಕಂಡಿತ್ತು. ಯಾಕೆಂದು ಕೇಳಿದ್ದಕ್ಕೆ ಅಳಿಲಿನ ಕಾಟ ಎಂದಿದ್ದರು. ನಾನು ನಂಬಿದೆ. ನಿಜ ಹೇಳಬೇಕೆಂದರೆ, ನಂಬಿದ ಹಾಗೆ ಇದ್ದುಬಿಟ್ಟೆ.

ನಮ್ಮ ಕೇಂದ್ರದ ಮೇಲಧಿಕಾರಿ ಫಾಲಾಕ್ಷ ಪರದೆ ನೋಡಿದರು, ವಿಳಾಸ ನೋಡಿದರು, ನನ್ನ ಮುಖ ನೋಡಿದರು. ಕೆಟ್ಟ ಮನುಷ್ಯನಲ್ಲ. ಕೆಂಪಾದ ಕಂಬವನ್ನು ನಾಲ್ಕು ತಾಸಿನೊಳಗೆ ನಿಜವೋ ಹುಸಿಯೋ ಎಂದು ನಮೂದಿಸುವುದು ನನ್ನ ಕೆಲಸ. ಹಲಸಿನ ಘಮದಲ್ಲಿರುವ ಒಂದು ಎಸ್ಟರ್ ನೇಲ್ ಪಾಲಿಶಿನಲ್ಲೂ ಇರುತ್ತದೆ. ನಿಮ್ಮ ಬೀದಿಯಲ್ಲಿ ಯಾರದೋ ಮದುವೆ ಇರಬೇಕು, ಹೆಣ್ಣುಮಕ್ಕಳು ನೇಲ್ ಪಾಲಿಶ್ ಹಚ್ಚಿಕೊಳ್ಳುತ್ತಿರಬಹುದು, ಹೋಗಿ ನೋಡಿಕೊಂಡು ಬನ್ನಿ ಎಂದರು. ಅರ್ಥವಾಯಿತು. ಕೇಂದ್ರದವರ ಮನೆಗಳಿಗೆ ಹಿಂದೆಯೂ ಹೀಗೆ ನೇಲ್ ಪಾಲಿಶ್ ಆಗಿತ್ತು.

ಸ್ಕೂಟರ್ ಬೀದಿಗೆ ತಿರುಗಿದ ಕೂಡಲೇ ಘಮ ಮೂಗಿಗೆ ಬಡಿಯಿತು. ಹನ್ನೊಂದು ವರ್ಷದಿಂದ ಅಂಕಿಗಳಾಗಿ ಮಾತ್ರ ನೋಡುತ್ತಿದ್ದ ಘಮ. ಅದು ನಾಚಿಕೆಯಿಲ್ಲದೆ ಬೀದಿ ತುಂಬ ಓಡಾಡುತ್ತಿತ್ತು. ನನ್ನ ಬಾಯಲ್ಲಿ ನೀರೂರಿತು.

ಹಿತ್ತಿಲಲ್ಲಿ ಅತ್ತೆ ಹಣ್ಣನ್ನು ಗೋಣಿಯ ಮೇಲೆ ಇಳಿಸಿಕೊಂಡು, ಅಂಟು ಹತ್ತದಿರಲೆಂದು ಮಚ್ಚಿಗೆ ಎಣ್ಣೆ ಸವರುತ್ತ ಕೂತಿದ್ದರು. ಹಣ್ಣು ಅವರ ಅರ್ಧದಷ್ಟಿತ್ತು.

ಅಳಿಲಿಗೆ ಅಂತ ಚೀಲ ಕಟ್ಟಿದ್ದೆ ಅಂದಿದ್ರಲ್ಲ ಅತ್ತೆ ಎಂದೆ.

"ಅಳಿಲಿಗೇ ಕಟ್ಟಿದ್ದು. ಎಲ್ಡು ಕಾಲಿನ ಅಳಿಲೂ ಇರ್ತಾವಲ್ಲ, ಅವುಕ್ಕೂ ಸೇರಿಸಿ ಕಟ್ದೆ" ಎಂದರು, ತಲೆ ಎತ್ತದೆ.

ನನಗೆ ಸಿಟ್ಟು ನೆತ್ತಿಗೇರಿತು. ಮರ ಹೋಗುತ್ತದೆ, ನನ್ನ ಕೆಲಸ ಹೋದರೂ ಹೋಗಬಹುದು, ಇಷ್ಟು ವರ್ಷ ಜೋಪಾನ ಮಾಡಿದ್ದೆಲ್ಲ ಒಂದು ಹಣ್ಣಿನ ಚಪಲಕ್ಕೆ ನೀರಿನಲ್ಲಿ ಹೋಮವಾಯಿತು ಎಂದು ಕೂಗಾಡಿದೆ. ಅತ್ತೆ ಕೇಳಿಸಿಕೊಂಡರು. ಕೊನೆಗೆ ನಾನು ದನಿ ತಗ್ಗಿಸಿ, ಒಂದು ದಾರಿ ಇದೆ, ನೇಲ್ ಪಾಲಿಶ್ ಎಂದು ಬರೆದುಬಿಡುತ್ತೇನೆ, ಹಣ್ಣನ್ನು ಈಗಲೇ ಗುಂಡಿ ತೋಡಿ ಹೂತುಬಿಡೋಣ ಎಂದೆ.

ಮಚ್ಚು ಸವರುತ್ತಿದ್ದ ಕೈ ನಿಂತಿತು.

"ನನ್ನ ಮರಾನ ನೇಲ್ ಪಾಲಿಶ್ ಅಂತ ಬರೀತೀಯೇನೇ? ಮುಸುರೆ ನೀರು ಉಣಿಸಿ ಸಾಕಿದೀನಿ ಅದ್ನ. ಹಲಸಿನಹಣ್ಣು ಅಂತ ಬರಿ."

"ಬರೆದ್ರೆ ನಾಳೆ ಬಂದು ಕಡೀತಾರೆ ಅತ್ತೆ."

"ಬರೀದಿದ್ರೆ? ಬರೋ ವರ್ಸನೂ ಕಾಯಿ ಕಿತ್ತು ಪಲ್ಯ ಮಾಡ್ಕಂಡು, ಬಾಯಿ ಮುಚ್ಕಂಡು ಕೂತಿರ್ಬೇಕು. ಈ ಊರಲ್ಲಿ ಒಂದು ಹಲಸಿನ ಬೀಜ ಮಣ್ಣಿಗೆ ಬಿದ್ದು ಎಷ್ಟು ವರ್ಸ ಆಯ್ತು ಹೇಳು. ಇರೋ ಮರ ಮುದಿಯಾಗಿ ಸತ್ತೋಯ್ತಾವೆ. ಆಗ ನಿಮ್ಮೋರು ಗರಗಸನೂ ತರಂಗಿಲ್ಲ, ಸುಮ್ನೆ ಕಾದಿದ್ರೆ ಸಾಕು. ನಂಗೆ ಮರ ಬೇಕಿಲ್ಲ ಕಣವ್ವ. ಬೀಜ ಬೇಕು."

ಸಸ್ಯಶಾಸ್ತ್ರದಲ್ಲಿ ಎರಡು ಪದವಿ ಮಾಡಿದವಳು ನಾನು, ಈ ಸರಳ ವಿಷಯ ನನಗೆ ಹೊಳೆದಿರಲಿಲ್ಲ. ಹೊಳೆದರೂ ಸಂಬಳ ಬರುವ ದಿನ ಮರೆತುಹೋಗುತ್ತಿತ್ತೇನೋ.

ಅತ್ತೆ ಮತ್ತೆ ಮಚ್ಚಿಗೆ ಎಣ್ಣೆ ಸವರುತ್ತ ಕೇಳಿದರು: ಮರ ಕಡಿಯಲು ಬಂದವರು ಬೀಜವನ್ನೂ ಒಯ್ಯುತ್ತಾರಾ, ಎಲ್ಲೆಲ್ಲಿ ಹುಡುಕುತ್ತಾರೆ? ಒಯ್ಯುತ್ತಾರೆ, ಆದರೆ ಮರದ ಯಜಮಾನರ ಮನೆಯಲ್ಲಿ ಮಾತ್ರ ಹುಡುಕುತ್ತಾರೆ ಎಂದೆ. ಕೈಪಿಡಿಯಲ್ಲಿ ಹಾಗೇ ಇದೆ. ಆ ಸಾಲು ಬರೆದವಳೂ ನಾನೇ. ನಮ್ಮ ಕಡೆ ಹಲಸಿನ ಮರದ ಕೆಳಗೆ ಯಾರು ಬೇಕಾದರೂ ಕೂತು ಹೊಟ್ಟೆ ತುಂಬ ತಿನ್ನಬಹುದು, ಯಾರೂ ಬೇಡ ಅನ್ನುವುದಿಲ್ಲ. ಆದರೆ ಬೀಜ ಮಾತ್ರ ಬಿಟ್ಟು ಹೋಗಬೇಕು. ಅದು ಮರದವರ ಮನೆಯ ಸಾರಿಗೆ. ಹಾಗಾಗಿ ಎಷ್ಟು ಜನ ತಿಂದರೂ ಬೀಜವೆಲ್ಲ ಒಂದೇ ಕುಕ್ಕೆಗೆ ವಾಪಸು ಬರುತ್ತದೆ. ಅದನ್ನು ನೆಚ್ಚಿಕೊಂಡು, ಬೇರೆ ಮನೆಗಳ ತಪಾಸಣೆ ಅನಗತ್ಯ ಎಂದು ಬರೆದಿದ್ದೆ. ಆಗ ಎಲ್ಲರೂ ನನ್ನ ಊರಿನ ಜ್ಞಾನವನ್ನು ಹೊಗಳಿದ್ದರು.

ಅತ್ತೆಯ ಮುಖ ಅರಳಿತು. "ಹಂಗಾದ್ರೆ ನಮ್ಮನೇಲಿ ಬೀಜ ಇರಬಾರ್ದು, ಅಷ್ಟೇ ತಾನೆ?"

ಒಂದೂವರೆಗೆ ಕೇಂದ್ರಕ್ಕೆ ವಾಪಸು ಹೋದೆ. ನಮೂನೆ ತೆರೆದೆ. 'ನಿಜ' ಎಂಬ ಮನೆಯಲ್ಲಿ ಗುರುತು ಹಾಕಿ, ಪಕ್ಕದಲ್ಲಿ 'ಹಲಸಿನ ಹಣ್ಣು' ಎಂದು ಬರೆದು ಒತ್ತಿದೆ. ಫಾಲಾಕ್ಷ ಹಿಂದೆ ನಿಂತು ನೋಡುತ್ತಿದ್ದರು. ಮೇಡಂ, ಇದು ಬೇಕಿತ್ತಾ ಎಂದರು. ಬೇಕಿತ್ತು ಸಾರ್ ಎಂದೆ. ಸ್ವಂತ ಮನೆಯ ಮರವನ್ನೇ ಒಪ್ಪಿಸಿದ ಪ್ರಾಮಾಣಿಕತೆಗೆಂದು ಮುಂದೆ ನನಗೊಂದು ಪ್ರಶಂಸಾಪತ್ರವೂ ಬಂತು. ಅತ್ತೆ ಅದನ್ನು ಉಪ್ಪಿನಕಾಯಿ ಜಾಡಿಯ ಅಡಿಗೆ ಹಾಸಿದ್ದಾರೆ.

ಅವತ್ತು ಸಂಜೆ ನಾಲ್ಕಕ್ಕೆ ಅತ್ತೆ ಹಿತ್ತಿಲ ಬಾಗಿಲನ್ನು ಹಾರುಹೊಡೆದು, ಬೀದಿಯ ಎಲ್ಲ ಮನೆಗಳಿಗೂ ತಾವೇ ಹೋಗಿ ಕರೆದು ಬಂದರು. ಅರ್ಧ ಗಂಟೆ ಯಾರೂ ಬರಲಿಲ್ಲ. ಕಿಟಕಿಗಳು ತೆರೆದವು, ಮುಚ್ಚಿದವು. ನಾನು ಹಣ್ಣು ಬಿಡಿಸುತ್ತ, ಬೆರಳಿಗೆ ಎಣ್ಣೆ ಹಚ್ಚಿಕೊಳ್ಳುತ್ತ, ಮಹಾ ಪೆಚ್ಚಾಗಿ ಕೂತಿದ್ದೆ. ಆಮೇಲೆ ಮೂಲೆಮನೆಯವರು ಬಂದರು, ಅವರ ಹಿಂದೆ ಹಾಲಿನ ಅಂಗಡಿಯವರು, ಅವರ ಹಿಂದೆ ಆಚೆ ಬೀದಿಯವರು. ಘಮಕ್ಕೆ ಎಷ್ಟು ಹೊತ್ತು ಬಾಗಿಲು ಹಾಕಿಕೊಂಡು ಇರಲು ಆಗುತ್ತದೆ. ತೊಳೆ ಬಾಯಿಗಿಟ್ಟ ಕೆಲವರು ಅದು ಮುಗಿಯುವ ಮೊದಲೇ ಇನ್ನೊಂದಕ್ಕೆ ಕೈ ಚಾಚಿದರು. ಮೂಲೆಮನೆಯ ಎಂಟು ವರ್ಷದ ಮೊಮ್ಮಗಳು ಹುಟ್ಟಿದ ಮೇಲೆ ಮೊದಲ ಸಲ ಹಲಸಿನ ಬೀಜ ಕೈಯಲ್ಲಿ ಹಿಡಿದು, ಇದನ್ನು ಉಗುಳಬೇಕಾ ನುಂಗಬೇಕಾ ಎಂದು ಕೇಳಿದಳು. ಎಲ್ಲರೂ ನಕ್ಕರು.

ತಿಂದವರು ರೂಢಿಯಂತೆ ಬೀಜವನ್ನು ಕುಕ್ಕೆಗೆ ಹಾಕಲು ಬಂದರು. ಅತ್ತೆ ಕುಕ್ಕೆಯನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದರು. ಬೀಜ ನಂಗೆ ಬ್ಯಾಡ, ನಿಮ್ಮನೆಗೆ ತಗಂಡೋಗಿ ಎಂದು ಒಬ್ಬೊಬ್ಬರಿಗೂ ಹೇಳಿದರು. ಜನಕ್ಕೆ ಇದು ಹಿಡಿಸಲಿಲ್ಲ. ತಿಂದ ಮನೆಯ ಬೀಜ ಒಯ್ಯುವುದೆಂದರೆ ಅವಮಾನ ಮಾಡಿದ ಹಾಗೆ ಎಂದು ಹಿಂಜರಿದರು. ನಾಳೆ ಇಲ್ಲಿಗೆ ಯಾರು ಬರುತ್ತಾರೆ, ಏನು ಹುಡುಕುತ್ತಾರೆ ಎಂದು ಅತ್ತೆ ಬಿಡಿಸಿ ಹೇಳಿದ ಮೇಲೆ ಎಲ್ಲರೂ ಮುಖ ಮುಖ ನೋಡಿಕೊಂಡರು. ಒಬ್ಬಾಕೆ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮತ್ತೊಬ್ಬರು ಜೇಬಿಗೆ ಇಳಿಬಿಟ್ಟರು.

ಮರುಳಯ್ಯ ಮೇಷ್ಟ್ರು ಎಲ್ಲರಿಗಿಂತ ಕೊನೆಗೆ ಬಂದರು, ಬಾಗಿಲಿಂದ ಒಳಕ್ಕೆ ಒಂದೇ ಕಾಲಿಟ್ಟು. ಒಂದು ತೊಳೆ ತಿಂದರು. ಕಣ್ಣು ಒದ್ದೆಯಾಯಿತು. ಬೀಜವನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟು ಹೊರಡಲು ನೋಡಿದರು. ಅತ್ತೆ ಅದನ್ನು ಎತ್ತಿ ಅವರ ಅಂಗೈಗೇ ತುರುಕಿ ಬೆರಳು ಮಡಿಸಿದರು. ಮೇಷ್ಟ್ರು ಆ ಮುಷ್ಟಿಯನ್ನು ಬಿಚ್ಚದೆ, ಆಚೀಚೆ ನೋಡದೆ, ಮನೆ ಸೇರಿಕೊಂಡರು. ಹತ್ತು ನಿಮಿಷಕ್ಕೆ ಅವರ ಹಿತ್ತಿಲಲ್ಲಿ ಸಾಂಬ್ರಾಣಿ ಹೊಗೆ ಎದ್ದಿತು, ಎಂದಿಗಿಂತ ದಟ್ಟವಾಗಿ.

ಮರುದಿನ ಹತ್ತು ಗಂಟೆಗೆ ಗರಗಸದ ತಂಡ ಬಂತು. ತಂಡದ ಯಜಮಾನ ಹೊಂಬಾಳಯ್ಯ. ಸಾವಿರದ ಮೇಲೆ ಮರ ಕಡಿದವನು, ಹೆಚ್ಚು ಮಾತಾಡದವನು. ಮೊದಲು ಬೀಜ, ಆಮೇಲೆ ಮರ, ಇದು ಕ್ರಮ. ಕುಕ್ಕೆ ತನ್ನಿ ಎಂದ. ಅತ್ತೆ ಖಾಲಿ ಕುಕ್ಕೆ ತಂದಿಟ್ಟರು. ಅಡುಗೆಮನೆ, ಅಟ್ಟ, ಅಕ್ಕಿ ಡಬ್ಬಿ, ದೇವರ ಗೂಡು ಎಲ್ಲ ಜಾಲಾಡಿದರು. ಹಣ್ಣು ಎಲ್ಲಿ ಎಂದ. ಜನ ತಿಂದರು ಎಂದರು ಅತ್ತೆ. ಬೀಜ? ತಿಂದವರನ್ನ ಕೇಳಪ್ಪ ಎಂದರು. ಹೊಂಬಾಳಯ್ಯ ಕೈಪಿಡಿ ತೆಗೆದು ಎರಡು ಸಲ ಓದಿ, ನನ್ನ ಕಡೆ ನೋಡಿದ. ನಾನು ಆಕಾಶ ನೋಡಿದೆ.

ಆಗ ಅತ್ತೆ ಒಳಗಿನಿಂದ ಮುತ್ತುಗದ ಎಲೆಯ ಪೊಟ್ಟಣವೊಂದನ್ನು ತಂದರು. ಒಂದೇ ಒಂದು ತೊಳೆ, ಬೀಜದ ಸಮೇತ. "ನಿನ್ ಪಾಲು ಕಣಪ್ಪ. ಇಷ್ಟೊಂದು ಮರ ಕಡ್ದಿದೀಯ, ಏನ್ ಕಡೀತಿದೀನಿ ಅಂತ ಒಂದ್ಸಲನಾದ್ರೂ ತಿಂದು ನೋಡು."

ಅವನು ಬೇಡವೆನ್ನಲಿಲ್ಲ. ನಿಂತಲ್ಲೇ ತಿಂದ, ಬಹಳ ಹೊತ್ತು ತಿಂದ. ಅಷ್ಟರಲ್ಲಿ ಅವನ ಫೋನ್ ರಿಂಗಾಯಿತು. ಆ ಕಡೆಯಿಂದ ಫಾಲಾಕ್ಷರ ದನಿ ನಮಗೂ ಕೇಳುತ್ತಿತ್ತು: ಬೀಜ ಎಷ್ಟು ಸಿಕ್ಕಿತು? ಹೊಂಬಾಳಯ್ಯ ಬೀಜವನ್ನು ಒಂದು ದವಡೆಗೆ ಒತ್ತರಿಸಿಕೊಂಡು, ಉಬ್ಬಿದ ಕೆನ್ನೆಯಲ್ಲೇ, ಒಂದೂ ಇಲ್ಲ ಸಾರ್ ಎಂದ.

ಮರ ಮಾತ್ರ ಉಳಿಯಲಿಲ್ಲ. ಬೀಜ ಸಿಗದಿದ್ದರೂ ಕಡಿಯಿರಿ ಎಂದು ಮೇಲಿನಿಂದ ಆದೇಶ ಬಂತು. ಗರಗಸ ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿತು. ಬುಡದಿಂದ ಬೆಳ್ಳಗೆ ಹಾಲು ಸುರಿಯಿತು. ಬೀಜ ಬೇಕು, ಮರ ಬೇಡ ಎಂದಿದ್ದ ಅತ್ತೆ ಅಷ್ಟೂ ಹೊತ್ತು ಕಟ್ಟೆಯ ಮೇಲೆ ನೆಟ್ಟಗೆ ಕೂತಿದ್ದು, ಲಾರಿ ಹೋದ ಮೇಲೆ ಅತ್ತರು. ನಾನೂ ಪಕ್ಕದಲ್ಲಿ ಕೂತು ಕಣ್ಣೀರು ಹಾಕಿದೆ. ಮದುವೆಯಾಗಿ ಬಂದು ಹದಿನೆಂಟು ವರ್ಷದಲ್ಲಿ ನಾವಿಬ್ಬರೂ ಒಂದೇ ವಿಷಯಕ್ಕೆ ಅತ್ತಿದ್ದು ಅದೇ ಮೊದಲು. ಆಮೇಲೆ ಅವರು ಎದ್ದು, ಮುಸುರೆ ನೀರಿನ ಬಕೆಟ್ಟು ತಂದು ಬುಡಕ್ಕೆ ಸುರಿದರು. ಹಲಸು ಕಡಿದರೂ ಬುಡ ಚಿಗುರುತ್ತದೆ, ನೋಡ್ತಿರು ಎಂದರು.

ಅದು ಮೇ ತಿಂಗಳ ಮಾತು. ಕೈಪಿಡಿಯ ಆ ಸಾಲು ತಿದ್ದಿ ಎಂದು ಫಾಲಾಕ್ಷ ನನಗೆ ಮೂರು ಸಲ ಹೇಳಿದರು. ಸಮಿತಿ ಸೇರಬೇಕು ಸಾರ್ ಎಂದೆ. ಸಮಿತಿ ಸೇರುವುದು ಎಷ್ಟು ಕಷ್ಟ ಎಂದು ಅವರಿಗೂ ಗೊತ್ತು.

ಜೂನ್ ಎರಡನೇ ವಾರದ ಒಂದು ಬೆಳಿಗ್ಗೆ ಮನೆಯಿಂದ ಹೊರಟಾಗ ಬೀದಿಯಲ್ಲಿ ಏನೋ ಕಡಿಮೆಯಿದೆ ಅನ್ನಿಸಿತು. ಏನೆಂದು ಹೊಳೆಯಲಿಲ್ಲ. ಕೇಂದ್ರಕ್ಕೆ ಹೋಗಿ ಉಪ್ಪಿಟ್ಟಿನ ಡಬ್ಬಿ ತೆರೆದು ಕೂತೆ. ಹತ್ತು ಗಂಟೆಗೆ ಕಂಬ ನಾಲ್ಕುನೂರ ಹದಿನೆಂಟು ಕೆಂಪಾಯಿತು. ಮಾಗಿದ ಹಲಸು, ನೋಂದಾಯಿತ ತಳಿಯಲ್ಲ. ಆಗ ಹೊಳೆಯಿತು. ಬೆಳಿಗ್ಗೆ ಬೀದಿಯಲ್ಲಿ ಸಾಂಬ್ರಾಣಿ ವಾಸನೆ ಇರಲಿಲ್ಲ.

ಅಯ್ಯೋ ಪಾಪ, ಒಂದು ಕಾಯಿ ಎಲೆಯ ಮರೆಯಲ್ಲಿ ಉಳಿದುಬಿಟ್ಟಿದೆ, ಮೇಷ್ಟ್ರು ನೋಡಿಲ್ಲ ಎಂದುಕೊಂಡೆ. ನೇಲ್ ಪಾಲಿಶ್ ಎಂದು ಬರೆಯಲು ನಾನು ಸಿದ್ಧಳಿದ್ದೆ. ಅತ್ತೆಗೆ ಇದ್ದ ಧೈರ್ಯ ಎಲ್ಲರಿಗೂ ಇರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಫೋನ್ ಮಾಡಿದೆ. ಮೊದಲ ಗಂಟೆಗೇ ಎತ್ತಿದರು, ಕಾದು ಕೂತವರ ಹಾಗೆ.

"ಮೇಷ್ಟ್ರೇ, ನಿಮ್ಮ ಹಿತ್ತಿಲ ಕಂಬ ಕೆಂಪಾಗಿದೆ. ಹೆದರಬೇಡಿ. ನೇಲ್ ಪಾಲಿಶ್ ಅಂತ ಬರೆದುಬಿಡ್ತೀನಿ."

ಆ ಕಡೆ ಕೆಮ್ಮಿದ ಸದ್ದು. ಹಿನ್ನೆಲೆಯಲ್ಲಿ ಬಹಳ ಜನರ ಮಾತು, ಯಾರೋ ಎಣ್ಣೆ ಕೇಳುತ್ತಿದ್ದರು. ನಮ್ಮತ್ತೆಯ ದನಿಯೂ ಇತ್ತು.

"ನೇಲ್ ಪಾಲಿಶ್ ಹಚ್ಕೊಳ್ಳೋ ವಯಸ್ಸಾ ತಾಯಿ ನಂದು" ಎಂದರು ಮೇಷ್ಟ್ರು. ದನಿ ನಡುಗುತ್ತಿತ್ತು, ಆದರೂ ನಿಲ್ಲಿಸಲಿಲ್ಲ. "ಹಲಸಿನಹಣ್ಣು ಅಂತ ಬರೀರಿ. ದಪ್ಪ ಅಕ್ಷರದಲ್ಲಿ ಬರೀರಿ. ಮರುಳಯ್ಯನ ಮನೇದು ಅಂತಾನೂ ಬರೀರಿ."

ಬರೆದೆ. ತಲೆ ಎತ್ತಿದಾಗ ಮುನ್ನೂರ ಎಂಬತ್ತೆಂಟು ಕೆಂಪಾಗಿತ್ತು, ನಾಲ್ಕುನೂರ ಎರಡು ಕೆಂಪಾಗುತ್ತಿತ್ತು. ಊರಿಗೆಲ್ಲ ಇರುವುದು ಎರಡೇ ಗರಗಸ. ಉಪ್ಪಿಟ್ಟಿನ ಡಬ್ಬಿ ಮುಚ್ಚಿಟ್ಟು, ಏನೆಂದು ಬರೆಯಲಿ ಎಂದು ಕೇಳಲು ಮುಂದಿನ ಮನೆಗೆ ಫೋನ್ ಮಾಡಿದೆ.